ಎಂಟು ಶಾಟುಗಳ ಕೆಂಪು

ಮಾರ್ಚ್ 3, ಸೋಮವಾರ

ನಾಲ್ಕನೇ ರೀಲು ಮುಗಿಯಿತು. ಮುಗಿಯಿತು ಅಂದರೆ ಮುಗಿದಿಲ್ಲ — ನಾಯಕಿಯ ಕೋಟಿನ ಹಸಿರು ಇನ್ನೂ ಕೈಗೆ ಸಿಕ್ಕಿಲ್ಲ. ಗಿಣಿ ಹಸಿರೋ, ಎಲೆ ಹಸಿರೋ? ನೆಗೆಟಿವ್‌ಗೆ ನಲವತ್ತನಾಲ್ಕು ವರ್ಷ. ಬಣ್ಣ ಅರ್ಧಕ್ಕರ್ಧ ಹೋಗಿದೆ. ಸ್ಕ್ಯಾನ್ ಮಾಡಿ ತೆರೆಯ ಮೇಲೆ ಹಾಕಿದರೆ ಎಲ್ಲರದೂ ಜ್ವರ ಬಂದವರ ಮುಖ. ಅದರೊಳಗಿಂದ ಒಂದೊಂದೇ ಬಣ್ಣ ಎಳೆದು ತರಬೇಕು. ಒಂದು ಶಾಟಿಗೆ ಒಮ್ಮೊಮ್ಮೆ ಅರ್ಧ ದಿನ. ಕುತ್ತಿಗೆ ಹಿಡಿದುಕೊಂಡಿದೆ.

ಚಿತ್ರ ಮಾತ್ರ... ಎಷ್ಟು ಸಲ ನೋಡಿದರೂ ಬೇಸರ ಬರುವುದಿಲ್ಲ. ಕೊಲೆಯ ಕಥೆ. ಹೆಂಡತಿಯೂ ಅವಳ ಪ್ರಿಯಕರನೂ ಸೇರಿ ಗಂಡನನ್ನು ಮುಗಿಸುತ್ತಾರೆ. ಆಮೇಲೆ ಒಬ್ಬರನ್ನೊಬ್ಬರು ನಂಬಲಾರದೆ ಹಾಳಾಗುತ್ತಾರೆ. ಇಂಥ ಕಥೆಯನ್ನು ಎಲ್ಲರೂ ಕಪ್ಪು-ಬಿಳುಪಿನಲ್ಲೇ ತೆಗೆಯುತ್ತಿದ್ದರು. ಕತ್ತಲ ಗಲ್ಲಿ, ಸಿಗರೇಟಿನ ಹೊಗೆ, ಗೋಡೆಯ ಮೇಲೆ ಕಿಟಕಿ ಸರಳುಗಳ ನೆರಳು. ಈ ನಿರ್ದೇಶಕ ಎಲ್ಲವನ್ನೂ ಹಾಡುಹಗಲಲ್ಲಿ ತೆಗೆದ. ನಿಂಬೆ ಹಳದಿ ಗೋಡೆ. ನವಿಲು ನೀಲಿ ಕಾರು. ಕೊಲೆ ನಡೆಯುವುದು ಮಧ್ಯಾಹ್ನ ಹನ್ನೆರಡಕ್ಕೆ, ಕಿತ್ತಳೆ ಬಣ್ಣದ ಪರದೆಯ ಮುಂದೆ. ಬಚ್ಚಿಟ್ಟುಕೊಳ್ಳಲು ಒಂದು ನೆರಳೂ ಇಲ್ಲ. ನೋಡುತ್ತ ಕೂತರೆ ಅದೇ ಭಯವಾಗುತ್ತದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪನ ಪ್ರಶ್ನೆ. ದಿನಾ ಇದೇ.

“ಎಷ್ಟನೇ ರೀಲು?”

“ನಾಲ್ಕು.”

“ಕೋಟು ಗಿಣಿ ಹಸಿರು. ಎಲೆ ಹಸಿರು ಮಾಡಿ ನನ್ನ ಮಾನ ಕಳೀಬೇಡ.”

ಈ ಚಿತ್ರದ ಮೊದಲ ಪ್ರಿಂಟುಗಳಿಗೆ ಬಣ್ಣ ಕೂಡಿಸಿದ್ದು ಅಪ್ಪನೇ. ಆಗ ಲ್ಯಾಬಿನಲ್ಲಿ ಗ್ರೇಡರ್. ಈಗ ಎಪ್ಪತ್ತೆಂಟು. ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೆ ಹಟ.

ಮಾರ್ಚ್ 4, ಮಂಗಳವಾರ

ಗಿಣಿ ಹಸಿರೇ. ಕಾಸ್ಟ್ಯೂಮ್ ಪೆಟ್ಟಿಗೆಯಲ್ಲಿ ಆ ಕೋಟಿನದೇ ಒಂದು ತುಂಡು ಬಟ್ಟೆ ಸಿಕ್ಕಿತು. ಅಪ್ಪನಿಗೆ ಹೇಳಿದೆ. ಮುಖ ಅರಳಿತು. ಅವರಿಗೆ ಖುಷಿಯಾದರೆ ಹಳೆಯ ಕಥೆ ಶುರು — ಕೆಂಪು ಮೆಟ್ಟಿಲ ಕಥೆ. ಎಷ್ಟು ಸಲ ಕೇಳಿದ್ದೇನೋ. ಆದರೂ ಇಲ್ಲಿ ಬರೆದಿಡುತ್ತೇನೆ, ಒಂಬತ್ತನೇ ರೀಲು ಹತ್ತಿರ ಬರುತ್ತಿದೆ.

ಕೊನೆಗೆ ಪ್ರಿಯಕರನನ್ನೂ ಕೊಂದು ನಾಯಕಿ ಮೆಟ್ಟಿಲು ಇಳಿಯುತ್ತಾಳೆ. ಕೆಳಗೆ ಪೊಲೀಸರು. ಇದ್ದಕ್ಕಿದ್ದಂತೆ ತೆರೆಯೆಲ್ಲ ಕೆಂಡದ ಕೆಂಪು. ಗೋಡೆ, ಮೆಟ್ಟಿಲು, ಕೋಟು, ಮುಖ, ಎಲ್ಲ. ಎರಡು ನಿಮಿಷ. ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಮತ್ತೆ ಹಾಡುಹಗಲು. ಚಿತ್ರ ಹೆಸರು ಮಾಡಿದ್ದೇ ಇದರಿಂದ. ಇದೊಂದರ ಮೇಲೆ ಪುಸ್ತಕ ಬರೆದವರಿದ್ದಾರೆ. ‘ಅದು ಅವಳ ಮನಸ್ಸಿನ ಬಣ್ಣ’ ಎಂದು ನಿರ್ದೇಶಕ ಸಾಯುವವರೆಗೂ ಹೇಳಿಕೊಂಡು ಓಡಾಡಿದ. ಅದು ಲ್ಯಾಬಿನಲ್ಲಿ ಆದ ತಪ್ಪು ಎನ್ನುವುದು ಲ್ಯಾಬಿನವರಿಗೆ ಮಾತ್ರ ಗೊತ್ತು.

“ಹೈಪೋ ಮಾಡಿದ ಎಡವಟ್ಟು,” ಅಂದರು ಅಪ್ಪ ಇವತ್ತೂ. “ಡೆವಲಪಿಂಗ್ ಟ್ಯಾಂಕ್ ಅವನ ಕೈಲಿತ್ತು. ಬಿಸಿ ಹೆಚ್ಚು ಮಾಡ್ಕೊಂಡ. ಪಾಪ.”

ಹೈಪೋ ಅಂದರೆ ಫಿಲ್ಮಿಗೆ ಹಾಕುವ ಒಂದು ರಾಸಾಯನಿಕ. ಅದರ ವಾಸನೆ ಮೈಗೇ ಅಂಟಿಕೊಂಡಿದ್ದರಿಂದ ಆ ಮನುಷ್ಯನಿಗೂ ಅದೇ ಹೆಸರು. ಅಪ್ಪನ ಜೀವದ ಗೆಳೆಯ. ನನಗೆ ಹೈಪೋ ಮಾಮ. ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸುತ್ತಿದ್ದರು. ನನಗೆ ಐದು ವರ್ಷವಾದಾಗ ಬರುವುದು ನಿಂತಿತು. ಯಾಕೆ ಎಂದು ಕೇಳಿದರೆ ಅಮ್ಮ ಇದ್ದಷ್ಟು ದಿನವೂ ಮಾತು ತೇಲಿಸುತ್ತಿದ್ದಳು.

ಮಾರ್ಚ್ 7, ಶುಕ್ರವಾರ

ಮೇಡಂ ಬಂದಿದ್ದರು. ನಮ್ಮ ಚಲನಚಿತ್ರ ಸಂಗ್ರಹಾಲಯದ ಮುಖ್ಯಸ್ಥೆ, ನಡೆದರೆ ಓಟ, ಮಾತಾಡಿದರೆ ಆಜ್ಞೆ. 30ರ ಬೆಳಿಗ್ಗೆ ಪ್ರದರ್ಶನ ನಿಗದಿಯಾಯಿತು. ಅವತ್ತು ಅಪ್ಪನನ್ನು ವೇದಿಕೆಗೆ ಕರೆಯುತ್ತಾರಂತೆ. ಆ ಲ್ಯಾಬಿನ ಇನ್ನು ಯಾರಾದರೂ ಬದುಕಿದ್ದಾರಾ ಎಂದು ಕೇಳಿದರು. ಹೈಪೋ ಮಾಮನ ಹೆಸರು ಹೇಳಿದೆ. ಎಲ್ಲಿದ್ದಾರೋ ಗೊತ್ತಿಲ್ಲ ಅಂದೆ. “ಹುಡುಕಿಸ್ತೀನಿ,” ಅಂದು ಬರೆದುಕೊಂಡರು.

ಮನೆಯಲ್ಲಿ ಹೇಳಿದೆ. ವೇದಿಕೆ ಅಂದಾಗ ಅಪ್ಪ ಕೂದಲು ಸವರಿಕೊಂಡರು. ಹೈಪೋ ಮಾಮನನ್ನು ಹುಡುಕಿಸುತ್ತಿದ್ದಾರೆ ಅಂದಾಗ ಟಿವಿ ಸದ್ದು ಜಾಸ್ತಿ ಮಾಡಿದರು.

ಮಾರ್ಚ್ 11, ಮಂಗಳವಾರ

ಒಂಬತ್ತನೇ ರೀಲಿನ ನೆಗೆಟಿವ್ ಸ್ಕ್ಯಾನ್ ಬಂತು. ಮೆಟ್ಟಿಲ ದೃಶ್ಯ ಕೆಂಪಿಲ್ಲ. ಇರುವುದೂ ಇಲ್ಲ ಎಂದು ಗೊತ್ತಿತ್ತು, ತಪ್ಪು ಆದದ್ದು ಪ್ರಿಂಟಿನಲ್ಲಿ. ಆದರೂ ಕಣ್ಣಾರೆ ಕಂಡಾಗ ಕೈ ನಿಂತೇ ಹೋಯಿತು.

ಗೋಡೆ ತಿಳಿ ನೀಲಿ! ಕಿಟಕಿಯಿಂದ ಬೆಳಗಿನ ಬಿಸಿಲು. ಕೋಟು ಗಿಣಿ ಹಸಿರು. ಮತ್ತೆ ಅವಳ ಮುಖ... ಅವಳು ಅಳುತ್ತಿದ್ದಾಳೆ. ಇಪ್ಪತ್ತು ಸಲ ಈ ಚಿತ್ರ ನೋಡಿದ್ದೇನೆ, ಅವಳು ಅಳುವುದು ನನಗೆ ಗೊತ್ತೇ ಇರಲಿಲ್ಲ. ಕೆಂಪಿನಲ್ಲಿ ಅವಳು ಕಲ್ಲುಮನಸ್ಸಿನವಳು. ನೀಲಿಯಲ್ಲಿ ಹೆದರಿದ ಹೆಂಗಸು, ಅಷ್ಟೇ. ಆ ನಟಿ ಅಷ್ಟು ಕಷ್ಟಪಟ್ಟು ಅತ್ತದ್ದನ್ನು ಇಷ್ಟು ವರ್ಷ ಒಬ್ಬರೂ ನೋಡಿಲ್ಲ.

ಮೇಡಂ ಬಂದು ನೋಡಿದರು. ಇನ್ನೆರಡು ಸಲ ಹಾಕಿಸಿದರು. ಕೊನೆಗೆ, “ಕೆಂಪೇ ಇರಲಿ. ಜನ ನೋಡಿರೋದು ಅದನ್ನ. ಆದರೆ ಯಾಕೆ ಹೀಗಾಯ್ತು ಅಂತ ವರದಿಯಲ್ಲಿ ಪೂರ್ತಿ ಬರೀರಿ,” ಅಂದರು. ಕೆಂಪು ಎಷ್ಟು ಗಾಢ ಇರಬೇಕು ಎನ್ನುವುದಕ್ಕೆ ಶೀತಲ ಕೋಣೆಯಲ್ಲಿ ಕಾಪಾಡಿಟ್ಟ ಒಂದು ಹಳೆಯ ಪ್ರಿಂಟ್ ತರಿಸುತ್ತಿದ್ದಾರೆ.

ಮಾರ್ಚ್ 12, ಬುಧವಾರ

ಪ್ರಿಂಟ್ ಬಂತು. ಬಣ್ಣ ಚೆನ್ನಾಗಿ ಉಳಿದಿದೆ. ಒಂದೊಂದೇ ಚೌಕಟ್ಟು ನೋಡಿದೆ.

ಏನೋ ಸರಿಯಿಲ್ಲ.

ಕೆಂಪು ಶುರುವಾಗುವುದು ಮೆಟ್ಟಿಲ ದೃಶ್ಯದ ಮೊದಲ ಶಾಟಿನ ಮೊದಲ ಚೌಕಟ್ಟಿನಲ್ಲಿ. ಅದರ ಹಿಂದಿನ ಚೌಕಟ್ಟು ಸ್ವಚ್ಛ. ಮುಗಿಯುವುದು ಎಂಟನೇ ಶಾಟಿನ ಕೊನೆಯ ಚೌಕಟ್ಟಿನಲ್ಲಿ. ಮುಂದಿನದು ಸ್ವಚ್ಛ. ಕತ್ತರಿಸಿ ಅಂಟಿಸಿದಷ್ಟು ಖಚಿತ.

ಟ್ಯಾಂಕಿನಲ್ಲಿ ತಪ್ಪಾದರೆ ಹೀಗೆ ಆಗುವುದಿಲ್ಲ. ಫಿಲ್ಮು ರಾಸಾಯನಿಕದೊಳಗೆ ಸಾಲಾಗಿ ಹರಿದುಕೊಂಡು ಹೋಗುತ್ತಿರುತ್ತದೆ. ಬಿಸಿ ಹೆಚ್ಚಾದರೆ ಬಣ್ಣ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಎಲ್ಲಿ ಒಂದು ಶಾಟು ಮುಗಿದು ಇನ್ನೊಂದು ಶುರುವಾಯಿತು ಎಂದು ಟ್ಯಾಂಕಿಗೆ ಏನು ಗೊತ್ತು? ಅದು ಗೊತ್ತಿರುವುದು ಗ್ರೇಡಿಂಗ್ ಕಾರ್ಡಿಗೆ ಮಾತ್ರ. ಪ್ರತಿ ಶಾಟಿಗೂ ಮೂರು ಬೆಳಕಿನ ಸಂಖ್ಯೆ — ಕೆಂಪು, ಹಸಿರು, ನೀಲಿ. ಗ್ರೇಡರ್ ಕಾರ್ಡಿನಲ್ಲಿ ಬರೆದಂತೆ ಮಷೀನು ಬೆಳಕು ಬಿಡುತ್ತದೆ.

ಗ್ರೇಡರ್ ಅಂದರೆ ಅಪ್ಪ.

ಇಪ್ಪತ್ತು ಸಲ ನೋಡಿದವಳಿಗೆ, ಇದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಇದು ಕಣ್ಣಿಗೆ ಬೀಳಲಿಲ್ಲವಲ್ಲ. ಅಪ್ಪ ಹೇಳಿದ ಮೇಲೆ ನೋಡುವುದೇನಿದೆ ಎಂದುಕೊಂಡಿದ್ದೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ 3

ಕಾರ್ಡ್ ಸಿಕ್ಕಿತು. ಒಂಬತ್ತನೇ ರೀಲಿನ ನೆಗೆಟಿವ್ ಡಬ್ಬಿಯಲ್ಲೇ ಇತ್ತು, ಮಡಚಿ ಅಡಿಗೆ ಹಾಕಿದ್ದು. ಅಪ್ಪನ ಅಕ್ಷರ. ಏಳು ಬರೆದರೆ ಅಡ್ಡಗೆರೆ ಎಳೆಯುವ ಅವರ ಚಾಳಿ.

ಮೆಟ್ಟಿಲ ದೃಶ್ಯದ ಎಂಟು ಶಾಟುಗಳು: 22, 30, 36. ಬರೆಯಬೇಕಾದ್ದು 36, 30, 22. ತಿರುವುಮುರುವು. ಪ್ರಿಂಟಿನಲ್ಲಿ ಎಲ್ಲ ಉಲ್ಟಾ, ಕೆಂಪು ಬೆಳಕು ಕಡಿಮೆ ಬಿಟ್ಟಷ್ಟೂ ಚಿತ್ರ ಕೆಂಪಾಗುತ್ತದೆ. ಉಳಿದ ಶಾಟುಗಳೆಲ್ಲ ಸರಿ. ಈ ಎಂಟು ಮಾತ್ರ ಬೇರೆ ದಿನ, ಬೇರೆ ಪೆನ್ನಿನಲ್ಲಿ ಬರೆದದ್ದು. ಆ ದೃಶ್ಯವನ್ನು ಕೊನೇ ಗಳಿಗೆಯಲ್ಲಿ ಮತ್ತೆ ಚಿತ್ರೀಕರಿಸಿದರು ಎಂದು ಅಪ್ಪನೇ ಹೇಳಿದ್ದುಂಟು. ಆಗ ಲ್ಯಾಬಿಗೆ ಹೊಸ ಮಷೀನು ಬಂದು ಎರಡು ತಿಂಗಳು. ಹಳೆಯದರಲ್ಲಿ ನೀಲಿ ಮೊದಲು, ಕೆಂಪು ಕೊನೆಗೆ. ಹೊಸದರಲ್ಲಿ ಕೆಂಪು ಮೊದಲು. ಅವಸರದಲ್ಲಿ ಕೈ ಒಂಬತ್ತು ವರ್ಷದ ಅಭ್ಯಾಸಕ್ಕೆ ಜಾರಿದೆ. ಅದು ಯಾರಿಗಾದರೂ ಆಗುವಂಥ ತಪ್ಪು. ನನಗೂ ಆಗಬಹುದಿತ್ತು.

ಆದರೆ ಇದನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದು?

ಕಾರ್ಡಿನ ಫೋಟೋ ತೆಗೆದೆ. ಕಾರ್ಡನ್ನು ಮತ್ತೆ ಡಬ್ಬಿಗೇ ಹಾಕಿದೆ.

ಮಾರ್ಚ್ 18, ಮಂಗಳವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಅಪ್ಪ “ಎಷ್ಟನೇ ರೀಲು?” ಅಂದರೆ “ಎಂಟು” ಅನ್ನುತ್ತಿದ್ದೆ. ನಾಲ್ಕು ದಿನವೂ ಎಂಟು. ಇವತ್ತು ಕಾಫಿ ಕೊಟ್ಟು ಎದುರಿಗೆ ಕೂತೆ.

“ಅಪ್ಪ, ಶಾಟು ಎಲ್ಲಿ ಮುಗಿಯತ್ತೆ ಅಂತ ಟ್ಯಾಂಕಿಗೆ ಹೇಗೆ ಗೊತ್ತಾಗತ್ತೆ?”

ಲೋಟ ಕೆಳಗಿಟ್ಟರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

“ಕಾರ್ಡ್ ಸಿಕ್ತಾ?”

ದಿನಾ ಎಷ್ಟನೇ ರೀಲು, ಎಷ್ಟನೇ ರೀಲು ಎಂದು ಕೇಳುತ್ತಿದ್ದುದು ಇದಕ್ಕೆ. ನಾನು ಅದನ್ನು ಕೆಲಸದ ಮೇಲಿನ ಪ್ರೀತಿ ಅಂದುಕೊಂಡಿದ್ದೆ. ಸಿಟ್ಟು ನೆತ್ತಿಗೇರಿತು.

“ಸಿಕ್ತು. ಯಾಕೆ ಹಾಗೆ ಮಾಡಿದ್ರಿ?”

“ಮೊದಲನೇ ಆಟ ನೋಡ್ಕೊಂಡು ಲ್ಯಾಬಿನ ಮಾಲೀಕ ಬೆಂಕಿ ಥರ ಬಂದ. ಯಾರ ಕೆಲಸ ಇದು ಅಂತ. ಬಣ್ಣದ ಕೆಲಸ ಅವನಿಗೆ ಏನೂ ಗೊತ್ತಾಗಲ್ಲ. ಗೊತ್ತಾಗ್ತಿದ್ದಿದ್ದು ನಮ್ಮಿಬ್ಬರಿಗೇ. ಟ್ಯಾಂಕು ಅಂತ ಬಾಯಿಗೆ ಬಂದ್ಬಿಡ್ತು ನಂಗೆ. ಹೈಪೋ ಅಲ್ಲೇ ನಿಂತಿದ್ದ. ಜಗಳಕ್ಕೆ ಬರ್ತಾನೆ ಅಂದ್ಕೊಂಡೆ ಕಣೇ. ಬಂದ್ರೆ ಇಬ್ರೂ ಹೋಗಿ ರೀಲು ನೋಡ್ತೀವಿ, ಆಗ ಒಪ್ಕೊಂಡ್ರಾಯ್ತು ಅಂದ್ಕೊಂಡೆ. ಅವನು, ‘ಹೌದು ಸಾರ್, ನಂದೇ ಇರ್ಬೇಕು,’ ಅಂದ. ಏಪ್ರನ್ ಬಿಚ್ಚಿಟ್ಟು ಹೋದ.”

“ಮಾರನೇ ದಿನ?”

“ಮಾರನೇ ದಿನ ಜನ ಮುಗಿಬಿದ್ರು. ಕೆಂಪು ಅದ್ಭುತ ಅಂತ ಪೇಪರಲ್ಲಿ ಬಂತು. ಮಾಲೀಕ ಖುಷಿಯಾಗಿ ಹೈಪೋನ ವಾಪಸ್ ಕರೆಸ್ದ. ಅವನು ಬರ್ಲಿಲ್ಲ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಯ್ತು ಅಂತ ಹೇಳಿ ಕಳಿಸ್ದ.”

“ಆಗಲಾದರೂ ಹೋಗಿ ಹೇಳ್ಬಹುದಿತ್ತಲ್ಲ ಅಪ್ಪ!”

“ಹೋದೆ. ಎರಡು ಸಲ. ಅವನ ಬೀದಿ ತಿರುವಿನ ತನಕ.”

“ಅಮ್ಮನಿಗೆ ಗೊತ್ತಿತ್ತಾ?”

ತಲೆ ಆಡಿಸಿದರು. ಗೊತ್ತಿತ್ತು. ಕಾಫಿ ಹಾಗೇ ಆರಿಹೋಯಿತು, ಇಬ್ಬರದೂ.

ಮಾರ್ಚ್ 19, ಬುಧವಾರ

ಮೇಡಂ ಹೈಪೋ ಮಾಮನ ವಿಳಾಸ ಹುಡುಕಿಸಿಬಿಟ್ಟಿದ್ದಾರೆ. ಇದೇ ಊರು! ಎರಡು ಬಸ್ ಬದಲಿಸಿದರೆ ಅವರ ಮನೆ. ಸೋಮವಾರ ಬೆಳಿಗ್ಗೆ ಇಬ್ಬರು ಹಳಬರಿಗೂ ಒಂಬತ್ತನೇ ರೀಲು ತೋರಿಸಿ, ಅವರ ಮಾತು ರೆಕಾರ್ಡ್ ಮಾಡಿಕೊಳ್ಳಬೇಕಂತೆ. ಹೋಗಿ ಕರೆಯುವ ಕೆಲಸ ನನಗೆ.

ಅಪ್ಪನಿಗೆ ಹೇಳಿದೆ. “ಸೋಮವಾರ ಅವರು ರೀಲು ನೋಡ್ತಾರೆ. ನೋಡಿದ ಕೂಡಲೇ ಗೊತ್ತಾಗತ್ತೆ. ಅದಕ್ಕೂ ಮುಂಚೆ ನೀವೇ ಹೇಳ್ಬೇಕು.”

“ಹೇಳ್ತೀನಿ.”

“ನಾನು ಹೇಳ್ಲಾ?”

“ಬೇಡ. ನಾನೇ ಹೇಳ್ತೀನಿ ಅಂದ್ನಲ್ಲ.”

ಮಾರ್ಚ್ 20, ಗುರುವಾರ. ಸಂಜೆ

ಹೋಗಿದ್ದೆ. ಮೂರನೇ ಮಹಡಿ. ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಬಾಗಿಲು ತೆರೆದವರು ಕುಳ್ಳಗಿನ, ಬೆಳ್ಳಗಿನ ಮುದುಕ. ಗುರುತು ಹಿಡಿಯಲಿಲ್ಲ. ಅಪ್ಪನ ಹೆಸರು ಹೇಳಿದ ಮೇಲೆ ಎರಡೂ ಕೈ ಹಿಡಿದುಕೊಂಡರು.

“ಪುಟ್ಟಿ! ನೀನಾ? ಈಗ ಹೆಗಲ ಮೇಲೆ ಕೂತ್ರೆ ನಾನು ಅಲ್ಲೇ ಢಮಾರ್.”

ಲ್ಯಾಬು ಬಿಟ್ಟ ಮೇಲೆ ಮೂವತ್ತು ವರ್ಷ ಒಂದು ಆಸ್ಪತ್ರೆಯಲ್ಲಿ ಲಿಫ್ಟ್ ಓಡಿಸಿದರಂತೆ. ಯಾಕೆ ಲಿಫ್ಟು ಎಂದು ಕೇಳಿದೆ. “ಅದ್ರಲ್ಲಿ ಕೈತಪ್ಪಿದ್ರೆ ಏನಾಗತ್ತೆ? ಬೇರೆ ಮಹಡಿಗೆ ಹೋಗ್ತಾರೆ. ಇನ್ನೊಂದು ಗುಂಡಿ ಒತ್ತಿದ್ರಾಯ್ತು.” ನಕ್ಕರು. ಮಗ ಒಳಗಿನಿಂದ ಬಂದ. ಮೀಟರು, ಮೋಟರು ರಿಪೇರಿ ಮಾಡುತ್ತಾನೆ. ನನಗಿಂತ ಚಿಕ್ಕವನು. “ನಂಗೆ ಲ್ಯಾಬಿಗೆ ಸೇರೋ ಆಸೆ ಇತ್ತಕ್ಕ. ಅಪ್ಪ ಬಿಡ್ಲಿಲ್ಲ. ನಂ ವಂಶದ ಕೈಗೆ ಆ ಕೆಲಸ ಆಗಿಬರಲ್ಲ ಅಂದ್ಬಿಟ್ರು.”

“ಚಿತ್ರ ಯಾವಾಗ ನೋಡಿದ್ರಿ ಮಾಮ, ಕೊನೇ ಸಲ?”

“ನಾನು ನೋಡೇ ಇಲ್ವಲ್ಲಮ್ಮ.”

“ಒಂದ್ಸಲಾನೂ?”

“ನನ್ನ ತಪ್ಪನ್ನ ಟಿಕೆಟ್ ತಗೊಂಡು ಹೋಗಿ ನೋಡ್ಲಾ? ಟಿವೀಲಿ ಬಂದ್ರೂ ಇವನಮ್ಮ ಎದ್ದು ಆಫ್ ಮಾಡ್ತಿದ್ಲು.”

ಒಮ್ಮೆ ನೋಡಿದ್ದರೆ ಸಾಕಿತ್ತು. ನನಗಿಂತ ಬೇಗ ಗೊತ್ತಾಗುತ್ತಿತ್ತು ಅವರಿಗೆ. ನಾಚಿಕೆಯಿಂದ ನೋಡಲಿಲ್ಲ. ನೋಡದೇ ಇದ್ದುದರಿಂದಲೇ ನಾಚಿಕೆ ಉಳಿದುಕೊಂಡಿತು. ಇಡೀ ಜೀವಮಾನ ಹೀಗೆ...

ಅಲ್ಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಪ್ಪನಿಗೆ ಕೊಟ್ಟ ಮಾತು ಎಂದು ನೆಪ ಹೇಳಿಕೊಂಡು ಬಾಯಿ ಮುಚ್ಚಿಕೊಂಡೆ. ಅಪ್ಪನ ಮಗಳೇ ನಾನು. ಸೋಮವಾರ ಬರುತ್ತೇನೆ ಅಂದರು. ನಿಮ್ಮಪ್ಪ ಇರ್ತಾನಲ್ಲ, ಅವನು ಪಕ್ಕದಲ್ಲಿದ್ರೆ ಧೈರ್ಯ ಅಂದರು.

ಈ ಕೊನೆಯ ಮಾತನ್ನು ಅಪ್ಪನಿಗೆ ಬೇಕೆಂದೇ ಹೇಳಿದೆ. ನಾಟಲಿ ಎಂದೇ ಹೇಳಿದೆ.

ಮಾರ್ಚ್ 22, ಶನಿವಾರ

ಹೇಳಿಲ್ಲ. ಫೋನ್ ನಂಬರ್ ಬರೆದು ಕೈಗೇ ಕೊಟ್ಟಿದ್ದೇನೆ. ಅಪ್ಪ ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆಯಿಂದ ನಾಲ್ಕು ಸಲ ತೆಗೆದು ನೋಡಿದರು, ನಾಲ್ಕು ಸಲ ಒಳಗಿಟ್ಟರು.

ಮಾರ್ಚ್ 23, ಭಾನುವಾರ

ಇಲ್ಲ. “ನಾಳೆ ಆಟೋದಲ್ಲಿ ಅವನ ಮನೆಗೇ ಹೋಗಿ ಜೊತೆಗೆ ಕರ್ಕೊಂಡು ಬರ್ತೀನಿ. ದಾರೀಲಿ ಹೇಳ್ತೀನಿ,” ಅಂದರು. ಮುಕ್ಕಾಲು ಗಂಟೆಯ ದಾರಿ. ಆಗಲಿ.

ಮಾರ್ಚ್ 24, ಸೋಮವಾರ

ಆದದ್ದನ್ನು ಆದಂತೆ ಬರೆಯಬೇಕು.

ಹನ್ನೊಂದಕ್ಕೆ ಆಟೋ ಬಂತು. ಇಬ್ಬರೂ ಇಳಿದರು. ಹೈಪೋ ಮಾಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಅಪ್ಪನ ಮೊಣಕೈ ಹಿಡಿದುಕೊಂಡು, ನಗುತ್ತ ಏನೋ ಹೇಳುತ್ತಿದ್ದರು. ಅಪ್ಪನ ಮುಖ ನೋಡಿದೆ. ಹೇಳಿಲ್ಲ.

ಕೋಣೆಯಲ್ಲಿ ನಾವು ನಾಲ್ವರೇ — ಅವರಿಬ್ಬರು, ಮೇಡಂ, ನಾನು. ರೀಲು ಹಾಕಿದೆ. ಹಳದಿ ಕೋಣೆ, ಜಗಳ, ಪಿಸ್ತೂಲು. ಹೈಪೋ ಮಾಮ ಸಣ್ಣ ಮಗುವಿನ ಥರ ಬಾಯಿ ತೆರೆದುಕೊಂಡು ನೋಡುತ್ತಿದ್ದರು. “ಎಂಥಾ ಬಣ್ಣ ಕಣೋ! ನಾವೇ ಮಾಡಿದ್ದಾ ಇದು?” ಎಂದು ಅಪ್ಪನ ತೊಡೆ ತಟ್ಟಿದರು.

ಕೆಂಪು ಬಂತು.

ತಲೆ ತಗ್ಗಿಸಿಬಿಟ್ಟರು. ಪೂರ್ತಿ ಎರಡು ನಿಮಿಷ ತಮ್ಮ ಮಂಡಿ ನೋಡಿಕೊಂಡು ಕೂತರು. ನೋಡಲೇ ಇಲ್ಲ. ಮುಖದ ಮೇಲೆ, ಕೈಗಳ ಮೇಲೆ ಆ ಕೆಂಪು ಬೆಳಕು ಬೀಳುತ್ತಿತ್ತು. ಬಾಗಿಲು ತೆರೆದು ಹಗಲಾಯಿತು. “ಮುಗೀತಾ?” ಅಂದರು.

ಅಪ್ಪ ನನ್ನ ಕಡೆ ನೋಡಿದರು. ಬಿಟ್ಟುಬಿಡು ಎನ್ನುವ ಹಾಗೆ. ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೆಕಾರ್ಡಿಂಗಿನಲ್ಲಿ ಹೈಪೋ ಮಾಮ ಇನ್ನೊಮ್ಮೆ ತಪ್ಪೊಪ್ಪಿಕೊಂಡು, ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ನನ್ನ ಬೆರಳು ಮಷೀನಿನ ಮೇಲೇ ಇತ್ತು.

“ಮಾಮ,” ಅಂದೆ. “ಕೆಂಪು ಎಲ್ಲಿ ಶುರುವಾಗತ್ತೆ, ಅದೊಂದು ನೋಡಿ. ನನಗೋಸ್ಕರ.”

“ಬೇಡಮ್ಮ.”

“ಒಂದೇ ಸಲ.”

ತಲೆ ಎತ್ತಿದರು. ನಾನು ಚೌಕಟ್ಟು ಚೌಕಟ್ಟಾಗಿ ಬಿಟ್ಟೆ. ಸ್ವಚ್ಛ. ಸ್ವಚ್ಛ. ಸ್ವಚ್ಛ. ಕೆಂಪು.

ಎದ್ದು ನಿಂತರು. ತೆರೆಯ ಹತ್ತಿರ ಹೋದರು. “ಹಿಂದಕ್ಕೆ ತಗೊ.” ತೆಗೆದುಕೊಂಡೆ. “ಮುಂದಕ್ಕೆ.” ಮತ್ತೆ ಹಿಂದಕ್ಕೆ. ಮೂರು ಸಲ. ದನಿ ಬದಲಾಗಿತ್ತು. ಲ್ಯಾಬಿನ ದನಿ. “ಕೊನೇದು ತೋರ್ಸು.” ತೋರಿಸಿದೆ. ಕೆಂಪು. ಕೆಂಪು. ಸ್ವಚ್ಛ.

“ಟ್ಯಾಂಕಲ್ಲಿ ಹೀಗಾಗಲ್ಲ,” ಅಂದರು. ಯಾರಿಗೂ ಅಲ್ಲ, ತೆರೆಗೆ.

ಮೇಡಂ ಏನೋ ಕೇಳಲು ಹೋದರು, ಕೈ ಸನ್ನೆ ಮಾಡಿ ತಡೆದೆ. ಹೈಪೋ ಮಾಮ ತಿರುಗಿದರು. ಅಪ್ಪನನ್ನೇ ನೋಡಿದರು.

“ಕಾರ್ಡಾ?”

“ಹೌದು ಕಣೋ. ಹಳೇ ಮಷೀನಿನ ಕ್ರಮದಲ್ಲಿ ಬರೆದ್ಬಿಟ್ಟಿದ್ದೆ.”

“ಅದಿರ್ಲಿ. ನಿಂಗೆ ಯಾವತ್ತು ಗೊತ್ತಾಯ್ತು?”

ಅಪ್ಪ ಸುಳ್ಳು ಹೇಳಬಹುದಿತ್ತು. ಮೊನ್ನೆ ಮಗಳು ಕಾರ್ಡ್ ಹುಡುಕಿದಾಗ ಅನ್ನಬಹುದಿತ್ತು. ನಾನೂ ಎದುರು ಹೇಳುತ್ತಿರಲಿಲ್ಲವೋ ಏನೋ.

“ಅವತ್ತೇ,” ಅಂದರು ಅಪ್ಪ. “ಮಾಲೀಕ ಕೂಗಾಡ್ತಿದ್ದಾಗ್ಲೇ.”

ಹೈಪೋ ಮಾಮ ಕೂಗಲಿಲ್ಲ, ಬೈಯಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು.

“ನನ್ನ ಹೆಂಡ್ತಿ ಸಾಯೋ ಹಿಂದಿನ ದಿನಾನೂ ನನ್ನ ಕೈ ಹಿಡ್ಕೊಂಡು, ಬೇಕಂತ ಮಾಡಿದ್ದಲ್ವಲ್ಲ ಬಿಡಿ, ಯಾವ್ದೋ ಕಾಲದ್ದು, ಇನ್ನಾದ್ರೂ ಮರ್ತುಬಿಡಿ ಅಂದ್ಲು ಕಣೋ. ನನ್ನ ತಪ್ಪನ್ನ ಕ್ಷಮಿಸಿ ಹೋದ್ಲು. ನಾನು ತಪ್ಪೇ ಮಾಡಿರ್ಲಿಲ್ಲ ಅಂತ ಈಗ ಅವ್ಳಿಗೆ ಯಾರು ಹೋಗಿ ಹೇಳ್ತಾರೆ? ನೀನು ಹೇಳ್ತೀಯಾ?”

ಹೈಪೋ ಮಾಮ ಬಾಗಿಲ ಕಡೆ ನಡೆದರು.

ಆಟೋ ಕರೆಸುತ್ತೇನೆ ಅಂದೆ. ಬೇಡ ಅಂದರು. ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೊರಟುಹೋದರು. ನಡೆದುಕೊಂಡೇ.

ಮಾರ್ಚ್ 25, ಮಂಗಳವಾರ

ಅಪ್ಪ ಇವತ್ತು ಎಷ್ಟನೇ ರೀಲು ಎಂದು ಕೇಳಲಿಲ್ಲ. ಊಟ ಅರ್ಧಕ್ಕೇ ಬಿಟ್ಟರು. ನನಗೆ ಅವರ ಮೇಲೆ ಸಿಟ್ಟಿದೆ, ಕನಿಕರವೂ ಇದೆ. ಎರಡೂ ಒಟ್ಟಿಗೆ ಇರುವುದರಿಂದ ಪಾತ್ರೆಗಳ ಸದ್ದು ಜಾಸ್ತಿ.

ಮಾರ್ಚ್ 28, ಶುಕ್ರವಾರ

ವರದಿ ಇವತ್ತು ಕೊಡಬೇಕಿತ್ತು. ಮನೆಗೆ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ಟೈಪ್ ಮಾಡುತ್ತಿದ್ದೆ. ‘ಮೆಟ್ಟಿಲ ದೃಶ್ಯದ ಕೆಂಪು ಬಣ್ಣವು ಗ್ರೇಡಿಂಗ್ ಕಾರ್ಡಿನಲ್ಲಿ ಆದ ತಪ್ಪಿನಿಂದ ಬಂದದ್ದು. ಡೆವಲಪಿಂಗ್ ವಿಭಾಗದ ತಪ್ಪಲ್ಲ.’ ಇಷ್ಟು ಬರೆದು ಕೂತಿದ್ದೆ. ಅಪ್ಪ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ.

“ಓದು.”

ಓದಿದೆ.

“ಕಾರ್ಡ್ ಯಾರು ಬರೆದ್ರು ಅಂತ ಇಲ್ವಲ್ಲ.”

ಅವರ ಹೆಸರು ಸೇರಿಸಿದೆ. ನನ್ನ ಕೈಯಿಂದ ಅಪ್ಪನ ಹೆಸರನ್ನು ಹೀಗೆ ಬರೆಯಬೇಕಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಅವನ ಹೆಸರೂ ಹಾಕು. ತಪ್ಪಿಲ್ಲದೆ ಕೆಲಸ ಬಿಟ್ಟ ಅಂತ. ನನಗೆ ಗೊತ್ತಿತ್ತು, ಹೇಳ್ಲಿಲ್ಲ ಅಂತಾನೂ ಹಾಕು.”

“ಅಪ್ಪ, ಇದು ತಾಂತ್ರಿಕ ವರದಿ.”

“ಹಾಕು ಅಂದೆ.”

ಹಾಕಿದೆ. ಮೇಡಂ ಒಂದಕ್ಷರ ತೆಗೆಯಲಿಲ್ಲ. ಭಾನುವಾರ ವೇದಿಕೆಗೆ ಬರುವುದಿಲ್ಲ ಎಂದು ಅಪ್ಪ ತಾವೇ ಫೋನ್ ಮಾಡಿ ಅವರಿಗೆ ಹೇಳಿದರು. ಆಮೇಲೆ ಕನ್ನಡಕದ ಡಬ್ಬಿ ತೆಗೆದು, ಚೀಟಿ ನೋಡಿ, ಇನ್ನೊಂದು ನಂಬರ್ ಒತ್ತಿದರು. ನಾನು ಅಡುಗೆಮನೆಗೆ ಹೋದೆ. ಮಾತು ಅರ್ಧ ನಿಮಿಷವೂ ಇರಲಿಲ್ಲ.

“ಏನಂದ್ರು?”

“ಬಂದ್ರೆ ಬಾ. ಒಳಗೆ ಕರೀತೀನಿ ಅಂತ ಮಾತ್ರ ಹೇಳಲ್ಲ ಅಂದ.”

ಮಾರ್ಚ್ 29, ಶನಿವಾರ. ಸಂಜೆ 5.40

ಅಪ್ಪ ಮೂರಕ್ಕೆ ಹೊರಟರು. ನಾನು ಬರುತ್ತೇನೆ ಅಂದರೆ ಬೇಡ ಅಂದರು. ವರದಿಯ ಪ್ರತಿ ತೆಗೆದುಕೊಂಡರು. ಕಣ್ಣು ಮಂಜು, ಎರಡು ಬಸ್ ಬದಲಿಸಬೇಕು, ಲಿಫ್ಟ್ ಕೆಟ್ಟಿರುವ ಮೂರು ಮಹಡಿ. ಹೋದರು.

ನಾಲ್ಕೂವರೆಗೆ ಹೈಪೋ ಮಾಮನ ಮಗನ ಫೋನು. ಪಿಸುದನಿ.

“ಅಕ್ಕ, ನಿಮ್ಮಪ್ಪ ಬಂದಿದಾರೆ. ಹೊರಗೆ ಕಾರಿಡಾರಲ್ಲಿ ನಿಂತಿದಾರೆ. ಪೇಪರ್ ಕೊಟ್ರು. ನಮ್ಮಪ್ಪ ಇಸ್ಕೊಂಡು ಒಳಗೆ ಹೋಗ್ಬಿಟ್ರು. ಏನ್ ಮಾಡ್ಲಿ?”

“ಕೂತ್ಕೊಳ್ಳೋಕೆ ಏನಾದ್ರೂ ಕೊಟ್ಟಿದೀಯಾ?”

“ಕುರ್ಚಿ ಹಾಕ್ದೆ. ಕೂತ್ಕೊಳ್ತಿಲ್ಲ.”

“ನಿಮ್ಮಪ್ಪ?”

“ಅದನ್ನೇ ಓದ್ತಿದಾರೆ. ಒಂದೇ ಹಾಳೆ ಅಕ್ಕ, ಓದ್ತಾನೇ ಇದಾರೆ. ಅಮ್ಮನ ಫೋಟೋ ಮುಂದೆ ನಿಂತ್ಕೊಂಡು, ಜೋರಾಗಿ.”

ಫೋನಿನಲ್ಲೇ ಕೇಳಿಸಿತು. ಕಾರ್ಡು, ಕ್ರಮ, ಬೆಳಕಿನ ಸಂಖ್ಯೆ... ನಾನು ಬರೆದ ಒಣ ವಾಕ್ಯಗಳು. ತಪ್ಪಿಲ್ಲದೆ ಕೆಲಸ ಬಿಟ್ಟ ಎನ್ನುವ ಕಡೆ ದನಿ ನಿಂತಿತು. ಮತ್ತೆ ಮೊದಲಿನಿಂದ ಶುರು. ನಾನು ಅಳುತ್ತಿದ್ದೆ. ಆಚೆಯಿಂದ ಅವನೂ ಮೂಗು ಎಳೆದುಕೊಂಡದ್ದು ಕೇಳಿಸಿತು.

ಐದೂಕಾಲಿಗೆ ಮತ್ತೆ ಫೋನು. ನಿಮ್ಮಪ್ಪ ಇನ್ನೂ ನಿಂತೇ ಇದಾರೆ ಅಂದ. ಗೋಡೆಗೆ ಒರಗಿಕೊಂಡಿದಾರೆ ಅಂದ. ಆಮೇಲೆ ಮಾತು ನಿಲ್ಲಿಸಿ, “ಒಂದ್ನಿಮಿಷ ಅಕ್ಕ. ನಮ್ಮಪ್ಪ ಎದ್ರು. ಬಾಗಿಲ ಹತ್ರ ಹೋಗ್ತಿದಾರೆ. ಇಡ್ತೀನಿ,” ಎಂದು ಇಟ್ಟುಬಿಟ್ಟ.

ಇಪ್ಪತ್ತೈದು ನಿಮಿಷವಾಯಿತು. ನಾನಾಗಿ ಫೋನ್ ಮಾಡಬಾರದು. ಮಾಡುವುದಿಲ್ಲ. ಅದು ಅವರಿಬ್ಬರದು. ನಲವತ್ತನಾಲ್ಕು ವರ್ಷ ಹೋಗಿದೆ, ಇನ್ನು ಅರ್ಧ ಗಂಟೆ ನಾನು ಕಾಯುತ್ತೇನೆ.